ಮಾನ್ಯರೇ, ಇದು ಎರಡನೇ ನೆನಪೋಲೆ

ನಮ್ಮ ಬೀದಿ ಮೂಲೆಯಲ್ಲಿ ಪೈಪ್ ಒಡೆದು ಇವತ್ತಿಗೆ 19 ದಿನ. ಹೇಮಾವತಿ ನೀರು ಗೊರೂರಿನಿಂದ ಹೊರಟು, ಕಾಲುವೆ ಹಿಡಿದು, ಬುಗುಡನಹಳ್ಳಿ ಕೆರೆ ಸೇರಿ, ಅಲ್ಲಿಂದ ತುಮಕೂರಿನೊಳಕ್ಕೆ ಬರುತ್ತದೆ. ಅಷ್ಟು ದೂರದಿಂದ ಬಂದ ನೀರು ನಮ್ಮ ನಲ್ಲಿ ಇನ್ನು ಹತ್ತು ಮಾರು ಇದೆ ಅನ್ನುವಾಗ ರಸ್ತೆಗೆ ಇಳಿದುಬಿಟ್ಟರೆ ಹೊಟ್ಟೆ ಉರಿಯುವುದಿಲ್ವಾ? ಉರಿಯುತ್ತದೆ. ಆದರೆ ಉರಿ ತೋರಿಸುವ ಹಾಗಿಲ್ಲ. ವಾರ್ಡಿನ ವಾಟ್ಸಾಪ್ ಗ್ರೂಪಿನ ಮೊದಲ ನಿಯಮವೇ ‘ಸಭ್ಯ ಭಾಷೆ ಬಳಸಿ’.

ವಾರ್ಡಿನ ನೀರು ನೋಡಿಕೊಳ್ಳುವ ಸಾಹೇಬರು ಎದುರಿಗೆ ಸಿಕ್ಕಿದ್ದರೆ ಕಷ್ಟವೇ ಇರಲಿಲ್ಲ. ‘ಏನ್ ಸ್ವಾಮಿ, ಕಣ್ಣು ಕಾಣಲ್ವಾ?’ ಅಂದರೆ ಮುಗಿಯಿತು. ನಮ್ಮ ಕಡೆ ಅದು ಬೈಗುಳವೂ ಅಲ್ಲ, ಮಾತು ಶುರು ಮಾಡುವ ರೀತಿ. ಆದರೆ ಅವರು ಎದುರಿಗೆ ಸಿಗುವುದಿಲ್ಲ. ಅವರ ವಾಸವೇ ಫೋನಿನೊಳಗೆ. ಅಲ್ಲಿ ಅವರು ಸದಾ ‘ಆನ್‌ಲೈನ್’.

ನಾನು ಮೊದಲು ಟೈಪ್ ಮಾಡಿದ್ದು ಹೀಗೆ: ‘ಏನ್ರೀ ಇದು, ವಾರದಿಂದ ನೀರು ಮೋರಿಗೆ ಹೋಗ್ತಿದೆ, ಯಾರೂ ಕೇಳೋರಿಲ್ವಾ?’ ಕಳಿಸುವ ಮೊದಲು ಪಕ್ಕದ ಮನೆಯ ಯಜಮಾನರಿಗೆ ತೋರಿಸಿದೆ. ಅವರು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ ಆಗಿ ರಿಟೈರ್ ಆದವರು. ಮೂವತ್ತು ವರ್ಷ ಬೇರೆಯವರ ಸಿಟ್ಟನ್ನು ಸರ್ಕಾರಿ ಕನ್ನಡಕ್ಕೆ ಇಳಿಸಿಕೊಟ್ಟ ಕೈ. ಕನ್ನಡಕ ಏರಿಸಿ ಓದಿ, ‘ಅಳಿಸಪ್ಪ ಇದನ್ನ’ ಅಂದರು. ‘ಸಿಟ್ಟು ಒಂದು ಮೆಟ್ಟಿಲು ಹತ್ತಿದರೆ ಮರ್ಯಾದೆ ಎರಡು ಮೆಟ್ಟಿಲು ಹತ್ತಬೇಕು.’ ಆಮೇಲೆ ಅವರೇ ಬರೆದುಕೊಟ್ಟರು: ‘ಮಾನ್ಯರೇ, ನಮ್ಮ ಬೀದಿಯ ಒಡೆದ ಪೈಪು ತಮ್ಮ ಅಮೂಲ್ಯ ದರ್ಶನಕ್ಕಾಗಿ ಒಂದು ವಾರದಿಂದ ಕಾಯುತ್ತಿರುವುದನ್ನು ತಮ್ಮ ಅವಗಾಹನೆಗೆ ತರಲು ಹರ್ಷಿಸುತ್ತೇವೆ.’

ಆ ‘ಹರ್ಷಿಸುತ್ತೇವೆ’ ಇದೆಯಲ್ಲ, ಅದರೊಳಗೆ ಒಂದು ಮಚ್ಚು ಇದೆ. ಬೇಕಾದವರು ಮುಟ್ಟಿ ನೋಡಿ.

ಅವತ್ತಿನಿಂದ ಯಜಮಾನರ ಹತ್ತಿರ ನನ್ನ ಪಾಠ ನಡೆದಿದೆ. ‘ಸಾರ್’ ಅಂದರೆ ಇನ್ನೂ ಆಸೆ ಇದೆ ಅಂತ. ‘ಸಾರ್ ಸಾರ್’ ಅಂದರೆ ಕಾಲು ಹಿಡಿಯುತ್ತಿದ್ದೇವೆ. ‘ಸ್ವಾಮಿ’ ಬಂದರೆ ಹುಷಾರು. ‘ಮಾನ್ಯರೇ’ ಅಂದಾಗ ಬೆಂಕಿ ಹತ್ತಿದೆ. ಇನ್ನು ‘ಪೂಜ್ಯರೇ’ ಅಂತ ಯಾರಿಗಾದರೂ ಬರೆದರೆ ಅವರ ಪಾಲಿಗೆ ತಿಥಿ ಮಾಡಿ ಮುಗಿಸಿದ್ದೇವೆ ಅಂತ ಅರ್ಥ. ಇದು ಯಾವ ವ್ಯಾಕರಣದಲ್ಲೂ ಇಲ್ಲ. ಆದರೆ ಪ್ರತಿ ಮನೆಯಲ್ಲೂ ಇದೆ. ನಾನು ತಡವಾಗಿ ಬರುತ್ತೇನೆ ಅಂತ ಮೆಸೇಜ್ ಮಾಡಿದರೆ ನನ್ನ ಹೆಂಡತಿ ಸಾಮಾನ್ಯವಾಗಿ ‘ಎಲ್ಲಿದೀರಿ ಬನ್ನಿ ಬೇಗ’ ಅಂತ ಹಾಕುತ್ತಾಳೆ. ಆಗ ಧೈರ್ಯವಾಗಿ ಲೇಟ್ ಮಾಡಬಹುದು. ‘ಪರವಾಗಿಲ್ಲ. ತಾವು ನಿಧಾನವಾಗಿ ಬನ್ನಿ.’ ಅಂತ ಬಂದರೆ ಮಾತ್ರ ಆಟೋ ಹಿಡಿಯುತ್ತೇನೆ. ಆ ‘ತಾವು’ ಒಂದು ಸಾಲದು ಅಂತ ಎರಡು ಫುಲ್‌ಸ್ಟಾಪ್ ಬೇರೆ. ಬೇರೆ ದಿನ ಅವಳು ಫುಲ್‌ಸ್ಟಾಪ್ ಮುಟ್ಟುವವಳೇ ಅಲ್ಲ.

ಸಾಲ ವಾಪಸ್ ಕೇಳುವುದು ಇನ್ನೂ ನಾಜೂಕಿನ ಕೆಲಸ. ‘ಅಣ್ಣ, ಊಟ ಆಯ್ತಾ?’ ಅಂದರೆ ದುಡ್ಡು ಕೊಡು. ‘ಸುಮ್ನೆ ಕೇಳ್ದೆ ಅಣ್ಣ’ ಅಂದರೆ ಈ ತಿಂಗಳೇ ಕೊಡು. ನನ್ನಿಂದ ಚೀಟಿ ದುಡ್ಡು ತಗೊಂಡವನೊಬ್ಬ ಎರಡು ದಿನ ‘ನೆಟ್‌ವರ್ಕ್ ಇರಲಿಲ್ಲ ಗುರುವೇ’ ಅಂದ. ಆ ಎರಡೂ ದಿನ ಅವನ ಸ್ಟೇಟಸ್‌ನಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೊಗೆಯಾಡುತ್ತಿತ್ತು. ನಾನು ಅದಕ್ಕೆ ‘ಚಟ್ನಿ ಚೆನ್ನಾಗಿತ್ತಾ ಅಣ್ಣ?’ ಅಂತ ಕೇಳಿದೆ. ಮಾರನೇ ದಿನ ಅರ್ಧ ದುಡ್ಡು ಬಂತು. ಚಟ್ನಿ ಬಗ್ಗೆ ಉತ್ತರ ಬರಲಿಲ್ಲ.

ದಿನಾ ಬೆಳಗ್ಗೆ ಟ್ರೈನ್ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನನ್ನ ಅಕ್ಕನ ಮಗ ಈ ವಿದ್ಯೆಯ ಇಂಗ್ಲಿಷ್ ಶಾಖೆಯಲ್ಲಿ ಪಳಗಿದವನು. ಅವರ ಆಫೀಸಿನಲ್ಲಿ ಸಿಟ್ಟು ಬಂದರೆ ‘ಜೆಂಟಲ್ ರಿಮೈಂಡರ್’ ಅಂತಾರಂತೆ. ಹಲ್ಲು ಕಡಿಯುತ್ತಾ ಬರೆಯುವುದಕ್ಕೆ ಜೆಂಟಲ್ ಅಂತ ಹೆಸರು! ಯಜಮಾನರಿಗೆ ಇದನ್ನು ಹೇಳಿದಾಗ ಅವರು ನಕ್ಕರು. ‘ಅದಕ್ಕೆ ನಮ್ಮಲ್ಲಿ ನೆನಪೋಲೆ ಅಂತ ಇದೆ. ನೆನಪೋಲೆ ಒಂದು, ನೆನಪೋಲೆ ಎರಡು ಅಂತ ನಂಬರ್ ಹಾಕ್ತೀವಿ. ಮೆತ್ತಗೆ, ಗಟ್ಟಿ ಅಂತೆಲ್ಲ ಹೇಳೋದೇ ಬೇಡ. ನಂಬರೇ ಹೇಳುತ್ತೆ’ ಅಂದರು.

ಇಷ್ಟೆಲ್ಲ ಮರ್ಯಾದೆಗೆ ಜಾಗವೂ ಬೇಕಲ್ಲ? ಹಳೇ ಎಸ್ಸೆಮ್ಮೆಸ್‌ನಲ್ಲಿ ಒಂದು ಮೆಸೇಜಿಗೆ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ ಬರೆದರೆ 70. ಅದರಲ್ಲೂ ದೀರ್ಘ, ಕೊಂಬು, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಮಾನ್ಯರೇ’ ಒಂದಕ್ಕೇ ಏಳು ಹೋಗುತ್ತದೆ. ಅಂದರೆ ಮೆಸೇಜಿನ ಹತ್ತನೇ ಒಂದು ಪಾಲು ಬರೀ ಮರ್ಯಾದೆಗೆ ಖರ್ಚು. ಕನ್ನಡಿಗ ಮೊಬೈಲಿನಲ್ಲಿ ಬೈದು ಉದ್ಧಾರ ಆಗದಿರಲು ಇದೂ ಒಂದು ಕಾರಣ ಅಂತ ನನಗೆ ಗುಮಾನಿ.

ವಾಟ್ಸಾಪ್ ಬಂದ ಮೇಲೆ ಜಾಗದ ಚಿಂತೆ ಹೋಯಿತು, ಬೇರೆ ಚಿಂತೆ ಬಂತು. 2014ರ ನವೆಂಬರ್ 1ರಂದು ನಮ್ಮೂರು ಇಂಗ್ಲಿಷಿನಲ್ಲೂ ‘ತುಮಕೂರು’ ಆಯಿತು. ಅದೇ ತಿಂಗಳು ವಾಟ್ಸಾಪ್‌ಗೆ ಬ್ಲೂ ಟಿಕ್ ಬಂತು. ಮೊದಲನೆಯದಕ್ಕೆ ಖುಷಿಪಟ್ಟೆವು. ಎರಡನೆಯದರಿಂದ ನನಗೆ ಗೊತ್ತಿರುವಂತೆ ಮೂರು ಬೀಗರ ಮನೆಗಳ ಮಾತು ನಿಂತಿತು. ಓದಿಲ್ಲ ಅನ್ನುವ ಹಾಗಿಲ್ಲ, ಓದಿದೆ ಅಂತ ಉತ್ತರ ಕೊಡುವ ಹಾಗೂ ಇಲ್ಲ. ಸಕಾಲ ಅರ್ಜಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು ಅಂತ ಕಾನೂನಿದೆ. ಬ್ಲೂ ಟಿಕ್ ಬಿದ್ದೂ ಉತ್ತರ ಬರದಿದ್ದರೆ ಐದು ಪೈಸೆಯೂ ಇಲ್ಲ.

ಪೈಪಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹರ್ಷದ ಪತ್ರಕ್ಕೆ ಒಂದು ಗಂಟೆಯೊಳಗೆ ಉತ್ತರ ಬಂತು. ಒಂದು ಹೆಬ್ಬೆಟ್ಟು. ಹಳದಿ ಬಣ್ಣದ್ದು, ಮೇಲ್ಮುಖವಾಗಿ. ಬೀದಿಯವರಿಗೆಲ್ಲ ಸಂಭ್ರಮ, ಸಾಹೇಬರು ಒಪ್ಪಿಬಿಟ್ಟರು ಅಂತ. ಮೂರು ದಿನ ಕಾದೆವು. ಮೊದಲ ನೆನಪೋಲೆ ಹಾಕಿದೆವು. ಅದಕ್ಕೂ ಹೆಬ್ಬೆಟ್ಟು. ನೀರುಗಂಟಿಯನ್ನು ಹಿಡಿದು ಕೇಳಿದರೆ, ‘ನಾನೇನ್ ಮಾಡ್ಲಿ ಅಣ್ಣ, ನಂಗೂ ಅದ್ನೇ ಒತ್ತಿದಾರೆ’ ಅಂತ ತನ್ನ ಫೋನ್ ತೋರಿಸಿದ.

ನಮ್ಮ ತಾತನ ಕಾಲದಲ್ಲಿ ಓದಲು ಬಾರದವರನ್ನು ಹೆಬ್ಬೆಟ್ಟು ಅನ್ನುತ್ತಿದ್ದರು. ಈಗ ‘ಓದಿದ್ದೇನೆ’ ಅಂತ ಹೇಳುವುದಕ್ಕೇ ಹೆಬ್ಬೆಟ್ಟು. ಆಗ ಒತ್ತಿದವನು ಜಮೀನು ಕಳೆದುಕೊಳ್ಳುತ್ತಿದ್ದ. ಈಗ ಒತ್ತುವವರು ಅವರು, ಕಳೆದುಕೊಳ್ಳುವವರು ನಾವು.

ಎರಡನೇ ನೆನಪೋಲೆಯಲ್ಲಿ ಯಜಮಾನರು ತಮ್ಮ ಸರ್ವೀಸಿನ ಕಸುಬೆಲ್ಲ ಸುರಿದರು. ‘ಒಡೆದ ಪೈಪಿನ ಸುತ್ತ ಈಗ ಹುಲ್ಲು ಬೆಳೆದಿದ್ದು, ಎರಡು ಎಮ್ಮೆಗಳು ತಮ್ಮನ್ನು ದಿನವೂ ಸ್ಮರಿಸುತ್ತಿವೆ’ ಅಂತ ಬರೆದು, ಕೊನೆಗೆ ‘ತಮ್ಮ ನಂಬುಗೆಯ’ ಅಂತ ಸಹಿ. ಆದರೆ ಅಷ್ಟರಲ್ಲಿ ಹಿಂದಿನ ಬೀದಿಯ ಅಜ್ಜಿ ಮೊಮ್ಮಗನ ಫೋನ್ ಕಿತ್ತುಕೊಂಡು ಒಂದು ವಾಯ್ಸ್ ಮೆಸೇಜ್ ಬಿಟ್ಟರು. ಹನ್ನೊಂದು ಸೆಕೆಂಡ್. ಅದರಲ್ಲಿ ಏನಿತ್ತು ಅಂತ ನಾನು ಇಲ್ಲಿ ಬರೆಯಲಾರೆ, ಮಕ್ಕಳೂ ಓದುತ್ತಾರೆ. ಶಿರಾ ಗೇಟಿನಲ್ಲಿ ಲಾರಿಯವರು ಕೇಳಿದ್ದರೂ ನಾಚಿಕೊಳ್ಳುತ್ತಿದ್ದರು ಅಂತ ಇಟ್ಟುಕೊಳ್ಳಿ.

ಆಗ ನೋಡಿ, ವ್ಯವಸ್ಥೆ ಎಚ್ಚೆತ್ತಿತು. ಹದಿನೈದು ದಿನ ಪೈಪಿಗೆ ಆಗದ ನೋವು ಹನ್ನೊಂದು ಸೆಕೆಂಡಿನಲ್ಲಿ ಸಾಹೇಬರಿಗೆ ಆಯಿತು. ‘ಇಂತಹ ಭಾಷೆಯಿಂದ ಮನಸ್ಸಿಗೆ ಘಾಸಿಯಾಗಿದೆ’ ಅಂತ ನಾಲ್ಕು ಸಾಲು ಬರೆದರು. ನಾಲ್ಕು ಸಾಲು! ಬೆರಳು ಬಿಟ್ಟು ಬೇರೇನೂ ಕಳಿಸದವರಿಗೆ ಇಷ್ಟು ಚೆನ್ನಾಗಿ ಕನ್ನಡ ಬರುತ್ತೆ ಅಂತ ನಮಗೆ ಅವತ್ತೇ ಗೊತ್ತಾಗಿದ್ದು. ಆಮೇಲೆ ದುರಸ್ತಿಯೂ ನಡೆಯಿತು. ಪೈಪಿನದಲ್ಲ, ಗ್ರೂಪಿನದು. ಅಡ್ಮಿನ್ ಬಿಟ್ಟು ಬೇರೆ ಯಾರೂ ಮೆಸೇಜ್ ಹಾಕದ ಹಾಗೆ ಬೀಗ ಜಡಿದರು.

ಇವತ್ತು ಮಾರ್ಚ್ 22. ವಿಶ್ವ ಜಲ ದಿನ. ಬೆಳಗ್ಗೆ ಏಳಕ್ಕೆ ಬೀಗ ಹಾಕಿದ ಗ್ರೂಪಿನಲ್ಲಿ ಒಂದು ಪೋಸ್ಟರ್ ಬಿತ್ತು. ನೀಲಿ ಹಿನ್ನೆಲೆ, ಒಂದು ನಲ್ಲಿ, ಒಂದು ಹನಿ. ‘ಪ್ರತಿ ಹನಿಯೂ ಅಮೂಲ್ಯ, ಪೋಲು ಮಾಡಬೇಡಿ.’ ಮಾತಾಡುವ ಹಾಗಿಲ್ಲ, ಆದರೆ ಪೋಸ್ಟರ್ ಮೇಲೆ ಬೆರಳಿಟ್ಟು ಚಿತ್ರ ಒತ್ತಬಹುದು. ನೋಡನೋಡುತ್ತಲೇ ಇಡೀ ಬೀದಿ ಹೆಬ್ಬೆಟ್ಟು ಒತ್ತಿತು. ಅಜ್ಜಿಯದೂ ಒಂದಿತ್ತು.

ಯಜಮಾನರು ಮಾತ್ರ ಕೈಮುಗಿದ ಚಿತ್ರ ಹಾಕಿದ್ದರು. ಕಾಂಪೌಂಡ್ ಮೇಲಿಂದ ಬಗ್ಗಿ, ‘ಏನ್ ಸಾರ್, ಶರಣಾಗಿಬಿಟ್ರಾ?’ ಅಂದೆ.

‘ಇಲ್ಲಪ್ಪ’ ಅಂದರು. ‘ಅದು ಮೂರನೇ ನೆನಪೋಲೆ.’