ಗಾಜಿನ ಸುತ್ತ ಸಿಲಿಕೋನ್ ಹಚ್ಚಿಸುವ ಮೊದಲು

ಹಳೆಯ ಕಾರಿನ ಮುಂದಿನ ಗಾಜು ಸೋರತೊಡಗಿದರೆ ದಯವಿಟ್ಟು ಅದರ ಸುತ್ತ ಹೊರಗಿನಿಂದ ಸಿಲಿಕೋನ್ ಅಂಟು ಹಚ್ಚಿಸಬೇಡಿ. ಖರ್ಚಾದರೆ ಆಗಲಿ, ಕಾರು ನಾಲ್ಕು ದಿನ ನಿಂತರೆ ನಿಲ್ಲಲಿ, ಗಾಜನ್ನು ಬಿಚ್ಚಿಸಿ ಒಳಗಿನ ತಗಡಿನ ಅಂಚನ್ನು ನಿಮ್ಮ ಕಣ್ಣಿನಿಂದಲೇ ಒಮ್ಮೆ ನೋಡಿ. ನನ್ನ 1984ರ ಮಾರ್ಕ್ 4 ಅಂಬಾಸಿಡರಿಗೆ ಮೂರು ಮಳೆಗಾಲ ನಾನು ಸಿಲಿಕೋನ್ ಹಚ್ಚಿಸಿದೆ. ನಾಲ್ಕನೆಯ ವರ್ಷ ಗಾಜು ಬಿಚ್ಚಿದಾಗ ಕಂಡದ್ದು ಬೇರೆಯವರ ಕಾರಿನಲ್ಲಿ ಆಗಬಾರದು ಎಂಬ ಕಾಳಜಿಯಿಂದ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯ ಹತ್ತಿರ. ಉಡುಪಿಯ ಕಡೆ ಹೊರಟರೆ ಆಗುಂಬೆ ದಾಟಿ ಘಾಟಿ ಇಳಿಯಬೇಕು, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ ಅದು. ಅಂಗಳದಲ್ಲಿ ನಿಂತಿರುವಾಗ ರಾತ್ರಿಯಿಡೀ ಮಳೆ ಹೊಯ್ದರೂ ಒಳಗೆ ಒಂದು ಹನಿ ಬೀಳದ ಕಾರು, ಘಾಟಿಯ ತಿರುವಿಗೆ ಬಂದ ಕೂಡಲೇ ಆಕ್ಸಿಲರೇಟರಿನ ಮೇಲಿದ್ದ ನನ್ನ ಬಲಪಾದಕ್ಕೆ ತಣ್ಣನೆಯ ನೀರು ತೊಟ್ಟಿಕ್ಕಿಸುತ್ತಿತ್ತು. ಇದಕ್ಕೆ ಕಾರಣವಿದೆ. ನಿಂತ ಕಾರಿನ ಗಾಜಿನ ಮೇಲೆ ಬಿದ್ದ ನೀರು ತನ್ನ ಪಾಡಿಗೆ ಇಳಿದುಹೋಗುತ್ತದೆ, ಓಡುವ ಕಾರಿನಲ್ಲಾದರೆ ಎದುರುಗಾಳಿ ಅದೇ ನೀರನ್ನು ರಬ್ಬರಿನ ಸಂದಿಗೆ ಒತ್ತಿ ನೂಕುತ್ತದೆ. ಜೊತೆಗೆ ತಿರುವಿನಲ್ಲಿ ಮತ್ತು ಗುಂಡಿಯಲ್ಲಿ ಕಾರಿನ ಮೈ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಮೆದುವಾದ ರಬ್ಬರು ಆ ತಿರುಚನ್ನು ಅನುಸರಿಸಿ ಹೋಗುತ್ತದೆ, ಬಿಸಿಲಿಗೆ ಒಣಗಿ ಗಟ್ಟಿಯಾದ ರಬ್ಬರಿಗೆ ಅದು ಸಾಧ್ಯವಾಗದೆ ಬಾಯಿ ಬಿಡುತ್ತದೆ.

ಈಗಿನ ಕಾರುಗಳ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಯ ತಗಡಿಗೆ ಕೂರಿಸುತ್ತಾರೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಕಾರುಗಳಲ್ಲಿ ಗಾಜನ್ನು ಹಿಡಿದಿರುವುದು ನಾವು ಬೀಡಿಂಗ್ ಎಂದು ಕರೆಯುವ ರಬ್ಬರ್ ಪಟ್ಟಿ ಮಾತ್ರ. ಅದರಲ್ಲಿ ಎರಡು ಗಾಡಿಗಳು, ಅಂದರೆ ಪಟ್ಟಿಯ ಉದ್ದಕ್ಕೂ ಸಾಗುವ ತೋಡುಗಳು, ಇರುತ್ತವೆ, ಒಂದರೊಳಗೆ ಗಾಜಿನ ಅಂಚು, ಇನ್ನೊಂದರೊಳಗೆ ಬಾಡಿಯ ತಗಡಿನ ಅಂಚು. ಆದ್ದರಿಂದ ನೀರಿಗೆ ದಾರಿಯೂ ಎರಡು: ಗಾಜಿಗೂ ರಬ್ಬರಿಗೂ ನಡುವೆ, ರಬ್ಬರಿಗೂ ತಗಡಿಗೂ ನಡುವೆ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಂಚು ಒಡೆದ ಜಾಗ ಒಂದು, ನೀರು ಪಕಾಸಿ ಹಿಡಿದು ಹರಿದುಬಂದು ತೊಟ್ಟಿಕ್ಕುವ ಜಾಗ ಇನ್ನೊಂದು. ನನ್ನ ಕಾರಿನಲ್ಲಿ ನೀರು ಒಳಬರುತ್ತಿದ್ದದ್ದು ಗಾಜಿನ ಮೇಲಿನ ಎಡಮೂಲೆಯಿಂದ. ರಬ್ಬರಿನ ಗಾಡಿಯೊಳಗೇ ಹರಿದು, ಕೆಳಗಿನ ಅಂಚಿನುದ್ದಕ್ಕೂ ಸಾಗಿ, ಬಲಗಡೆಯ ಕಂಬದ ಬುಡದಲ್ಲಿ ಅದು ಹೊರಬೀಳುತ್ತಿತ್ತು. ಮೂರು ವರ್ಷವೂ ಸಿಲಿಕೋನ್ ಹಚ್ಚಿದ್ದು ಬಲಗಡೆಗೆ.

ಸಿಲಿಕೋನ್ ಹಚ್ಚುವುದರಿಂದ ಆಗುವ ಹಾನಿ ಬರೀ ಸೋರಿಕೆ ನಿಲ್ಲದಿರುವುದಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿಲಿಕೋನ್ ಒಣಗುವಾಗ ವಿನೆಗರಿನ ಘಾಟು ಹೊಡೆಯುತ್ತದೆ, ಏಕೆಂದರೆ ಅದು ಒಣಗುತ್ತ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಪೇಂಟ್ ಎದ್ದುಹೋದ ಉಕ್ಕಿನ ತಗಡಿಗೆ ಆ ಆಮ್ಲ ತಾಗಿದರೆ ತುಕ್ಕಿಗೆ ಆಹ್ವಾನ ಕೊಟ್ಟಂತೆ. ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನ್ ಕೂಡ ಸಿಗುತ್ತದೆ, ಅದು ತಗಡನ್ನು ಹಾಗೆ ಕೆಡಿಸುವುದಿಲ್ಲ ಎಂಬುದು ನಿಜ. ಆದರೆ ಯಾವ ಸಿಲಿಕೋನ್ ಆದರೂ ಒಮ್ಮೆ ಹಿಡಿದರೆ ಪೂರ್ತಿಯಾಗಿ ಬಿಡುವುದಿಲ್ಲ, ಅದರ ಜಿಡ್ಡು ಉಳಿದ ಕಡೆ ಪೇಂಟ್ ಕೂರುವುದಿಲ್ಲ. ಇದಕ್ಕಿಂತ ಕೆಟ್ಟ ಸಂಗತಿಯೆಂದರೆ, ಒಂದು ಕಡೆ ನೀರು ಒಳಹೋಗುತ್ತಲೇ ಇರುವಾಗ ಇನ್ನೊಂದು ಕಡೆ ಅದು ಹೊರಬರುವ ದಾರಿಯನ್ನು ನಾವೇ ಮುಚ್ಚಿರುತ್ತೇವೆ. ಆ ನೀರು ರಬ್ಬರಿನ ಗಾಡಿಯಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ.

ಗಾಜು ಬಿಚ್ಚಿದ ದಿನ ರಬ್ಬರನ್ನು ಬ್ಲೇಡಿನಿಂದ ಸೀಳಿ ಎತ್ತಿದಾಗ, ಕೆಳಗಿನ ಅಂಚಿನ ತಗಡು ಅದರೊಂದಿಗೇ ಪದರ ಪದರವಾಗಿ ಎದ್ದುಬಂತು. ಬೆರಳಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು, ಸುಮಾರು ಒಂದು ಗೇಣುದ್ದಕ್ಕೆ ಅಂಚೇ ಉಳಿದಿರಲಿಲ್ಲ. ಅಲ್ಲಿ ಗಾಜನ್ನು ಹಿಡಿದಿದ್ದದ್ದು ಮೂರು ವರ್ಷದ ಸಿಲಿಕೋನ್. ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಹಾಕಿ ನೋಡಿದರೆ ಹೆಡ್‌ಲೈಟ್ ಸ್ವಿಚ್ಚಿಗೆ ಬರುವ ವೈರುಗಳ ತುದಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಮಳೆಗಾಲದಲ್ಲಿ ಮಾತ್ರ ಹೆಡ್‌ಲೈಟ್ ಮಿಣುಕುತ್ತಿದ್ದುದಕ್ಕೆ ಕಾರಣ ಆಗ ತಿಳಿಯಿತು. ನೆಲದ ಮ್ಯಾಟಿನ ಕೆಳಗಿನ ಫೆಲ್ಟ್ ಹಿಂಡಿದರೆ ನೀರಿಳಿಯುವಷ್ಟು ನೆನೆದಿತ್ತು.

ಅಂಬಾಸಿಡರಿಗೆ ಲಾರಿಯಂತೆ ಬೇರೆ ಚಾಸಿಸ್ ಇಲ್ಲ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರಿನಿಂದ ಬಂದ ಈ ಕಾರಿನಲ್ಲಿ ಬಾಡಿಯೇ ಭಾರ ಹೊರುವ ರಚನೆ. ಗಾಜಿನ ಚೌಕಟ್ಟು ಮತ್ತು ಅದರ ಎರಡೂ ಕಡೆಯ ಕಂಬಗಳು ಕೊಳೆತರೆ ಕೊಳೆಯುವುದು ಕಾರಿನ ಗಟ್ಟಿತನವೇ. ಸೋರಿಕೆಯನ್ನು ಕಾಲು ಒದ್ದೆಯಾಗುವ ಸಣ್ಣ ತೊಂದರೆ ಎಂದು ಕಾಣುವುದನ್ನು ನಾನು ಒಪ್ಪದಿರುವುದು ಇದಕ್ಕಾಗಿ.

ಆದ್ದರಿಂದ ಮೊದಲ ಕೆಲಸ, ನೀರು ಬರುವ ಜಾಗವನ್ನು ಸರಿಯಾಗಿ ಹುಡುಕುವುದು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗೆ ಸಾಧಾರಣ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಬೇಕು. ಕೆಳಗಿನ ಅಂಚಿನಿಂದ ಶುರು ಮಾಡಿ, ಒಂದೊಂದು ಕಡೆ ಹತ್ತು ನಿಮಿಷ ನಿಂತು, ಮೇಲಕ್ಕೆ ಹೋಗಬೇಕು. ಮೊದಲೇ ಮೇಲಿನಿಂದ ನೀರು ಬಿಟ್ಟರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಒಳಗಡೆ ರಬ್ಬರಿನ ಅಂಚಿಗೆ ಸೀಮೆಸುಣ್ಣದ ಪುಡಿ ಹಚ್ಚಿಟ್ಟರೆ ನೀರು ಬಂದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ನಿಂತ ಕಾರಿನಲ್ಲಿ ಸೋರಿಕೆ ತೋರದಿದ್ದರೆ ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ, ಬಾಡಿ ಸ್ವಲ್ಪ ತಿರುಚಿಕೊಂಡಿರುವಾಗ ನೀರು ಬಿಟ್ಟು ನೋಡಬೇಕು. ನನ್ನ ಕಾರಿನ ಎಡಮೂಲೆ ಸಿಕ್ಕಿಬಿದ್ದದ್ದು ಹಾಗೆ. ವೈಪರಿನ ಕಡ್ಡಿ ತಗಡಿನಿಂದ ಹೊರಬರುವ ಕಡೆಯ ಸಣ್ಣ ರಬ್ಬರನ್ನೂ ಪರೀಕ್ಷಿಸಬೇಕು. ಅದು ಸೋರಿದರೂ ಜನ ಗಾಜನ್ನೇ ದೂರುತ್ತಾರೆ.

ರಬ್ಬರಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿದರೆ ಹಳೆಯ ಕಂಪನಿ ಮಾಲು ಎಂದು ಪೊಟ್ಟಣದಲ್ಲಿಟ್ಟ ಬೀಡಿಂಗ್ ಈಗಲೂ ಸಿಗಬಹುದು, ಅದಕ್ಕೆ ಹೆಚ್ಚು ಬೆಲೆ ಕೊಡುವವರೂ ಇದ್ದಾರೆ. ನಾನು ಅದನ್ನು ಕೊಳ್ಳಲಿಲ್ಲ. ರಬ್ಬರು ಕಾರಿನ ಮೇಲೆ ಮಾತ್ರವಲ್ಲ, ಅಂಗಡಿಯ ಅಟ್ಟದ ಮೇಲೂ ಮುಪ್ಪಾಗುತ್ತದೆ. ಕೈಯಲ್ಲಿ ಹಿಡಿದು ಪೂರ್ತಿ ಮಡಚಿ ನೋಡಿ, ಮಡಿಕೆಯಲ್ಲಿ ಸಣ್ಣ ಬಿರುಕುಗಳು ಕಂಡರೆ ಅದು ಯಾವ ಕಂಪನಿಯದಾದರೂ ಬೇಡ. ಇಪಿಡಿಎಂ ಎಂಬ ಕೃತಕ ರಬ್ಬರಿನಲ್ಲಿ ಹೊಸದಾಗಿ ಮಾಡಿದ್ದು ಸಿಕ್ಕರೆ ಅದೇ ಒಳ್ಳೆಯದು, ಬಿಸಿಲು ಮತ್ತು ಓಝೋನ್ ಎರಡನ್ನೂ ಅದು ತಡೆದುಕೊಳ್ಳುತ್ತದೆ. ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಪಟ್ಟಿಗಿಂತ ಮೂಲೆಗಳನ್ನು ಅಚ್ಚಿನಲ್ಲೇ ತೆಗೆದ ಇಡೀ ಬೀಡಿಂಗ್ ಮೇಲು. ಮೀಟರ್ ಪಟ್ಟಿಯೇ ಗತಿಯಾದರೆ ಎಳೆದು ಕೂರಿಸಬಾರದು, ಎಳೆದ ರಬ್ಬರು ಎರಡು ಬೇಸಿಗೆಯಲ್ಲಿ ಕುಗ್ಗಿ ಮೂಲೆಯಲ್ಲಿ ಸಂದಿ ಬಿಡುತ್ತದೆ.

ತಗಡಿನ ಕೆಲಸಕ್ಕೆ ಅವಸರ ಸಲ್ಲದು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಎಪಾಕ್ಸಿ ಪ್ರೈಮರ್ ಹಾಕಿಸಿ, ಪೇಂಟ್ ಪೂರ್ತಿ ಗಟ್ಟಿಯಾಗುವ ತನಕ ಕಾಯಬೇಕು. ಅಂಚಿನ ಮೇಲೆ ಪುಟ್ಟಿ ದಪ್ಪವಾಗಿ ಕೂತರೆ ರಬ್ಬರಿನ ಗಾಡಿಗೆ ಅದು ಹಿಡಿಸುವುದಿಲ್ಲ, ಕೆಲಸವೆಲ್ಲ ಮತ್ತೆ ಮೊದಲಿಗೆ ಬರುತ್ತದೆ. ಹೇಗೂ ಗಾಜು ಹೊರಗಿರುವಾಗ ಅದನ್ನೂ ಪರೀಕ್ಷಿಸಿ. ಲ್ಯಾಮಿನೇಟೆಡ್ ಗಾಜಿನ, ಅಂದರೆ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಜೋಡಿಗಾಜಿನ, ಅಂಚಿಗೆ ನೀರು ಸೇರಿದ್ದರೆ ಅಲ್ಲಿ ಹಾಲಿನಂತೆ ಬಿಳಿಚಿಕೊಂಡಿರುತ್ತದೆ. ಒಡೆದರೆ ಚೂರುಚೂರಾಗುವ ಟಫನ್ಡ್ ಗಾಜಾಗಿದ್ದರೆ ಲ್ಯಾಮಿನೇಟೆಡ್‌ಗೆ ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ.

ಕೂರಿಸುವ ವಿಧಾನ ಹಳೆಯದು, ಸರಳವಾದದ್ದು. ರಬ್ಬರನ್ನು ಒಂದು ಗಂಟೆ ಬಿಸಿಲಿಗೆ ಹಾಸಿ ಮೆದುವಾದ ಮೇಲೆ ಗಾಜಿನ ಸುತ್ತ ತೊಡಿಸಬೇಕು. ತಗಡು ಕೂರಬೇಕಾದ ಗಾಡಿಯೊಳಗೆ ನೈಲಾನ್ ಹಗ್ಗವನ್ನು ಸುತ್ತಲೂ ಕೂರಿಸಿ, ಎರಡು ತುದಿಗಳೂ ಕೆಳಗಡೆ ನಡುವಿನಲ್ಲಿ ಒಂದರ ಮೇಲೊಂದು ದಾಟಿ ಕಾರಿನೊಳಕ್ಕೆ ಇಳಿಬಿದ್ದಿರುವಂತೆ ಬಿಡಬೇಕು. ಅಂಚಿಗೆ ಸೋಪಿನ ನೀರು ಹಚ್ಚಬೇಕು, ಗ್ರೀಸ್ ಅಥವಾ ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರು ಉಬ್ಬಿ ಕೆಡುತ್ತದೆ. ಹೊರಗೆ ನಿಂತವರು ಅಂಗೈಯಿಂದ ಗಾಜನ್ನು ಒತ್ತಿ ಹಿಡಿದಿರುವಾಗ ಒಳಗೆ ಕೂತವರು ಹಗ್ಗವನ್ನು ಗಾಜಿನ ನಡುವಿನ ಕಡೆಗೆ ನಿಧಾನವಾಗಿ ಎಳೆಯುತ್ತ ಹೋದರೆ, ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಪಟಪಟನೆ ಒಳಗೆ ಬೀಳುತ್ತ ಬರುತ್ತದೆ. ಮೂಲೆಯಲ್ಲಿ ಬಿಗಿಯಾದರೆ ಬಲ ಹಾಕಬಾರದು, ಗಾಜನ್ನು ಸ್ವಲ್ಪ ಸರಿಸಿ, ಇನ್ನಷ್ಟು ಸೋಪು ನೀರು ಹಾಕಿ ಮುಂದುವರಿಯಬೇಕು. ಗಾಜು ಒಡೆಯುವುದು ಹೆಚ್ಚಾಗಿ ಆ ಗಳಿಗೆಯಲ್ಲೇ.

ಎಲ್ಲ ಕೂತು ಸೋಪು ನೀರು ಆರಿದ ಮೇಲೆ, ಒಣಗಿ ಗಟ್ಟಿಯಾಗದ ಬ್ಯೂಟೈಲ್ ಮ್ಯಾಸ್ಟಿಕ್ ಎಂಬ ಸಂದಿ ತುಂಬುವ ಅಂಟನ್ನು ತೆಳುವಾದ ಮೂತಿಯಿಂದ ರಬ್ಬರಿನ ತುಟಿಯ ಕೆಳಗೆ ತುಂಬಬೇಕು, ಗಾಜಿನ ಕಡೆಗೂ ತಗಡಿನ ಕಡೆಗೂ. ಅದು ಸದಾ ಮೆದುವಾಗಿರುವುದರಿಂದ ಬಾಡಿ ತಿರುಚಿದರೂ ಬಿರಿಯುವುದಿಲ್ಲ, ಮುಂದೆ ಎಂದಾದರೂ ಗಾಜು ತೆಗೆಯಬೇಕಾದರೆ ಅಡ್ಡಿಯೂ ಆಗುವುದಿಲ್ಲ. ಹೊರಗೆ ಉಕ್ಕಿದ್ದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು.

ಹಳೆಯ ಕಾರುಗಳಿಗೆ ಹೊಸ ಪೇಂಟ್ ಹೊಡೆಸುವವರಲ್ಲಿ ನನ್ನದೊಂದು ಕೋರಿಕೆ. ಗಾಜು ಬಿಚ್ಚದೆ, ರಬ್ಬರಿನ ಸುತ್ತ ಟೇಪು ಅಂಟಿಸಿ, ಪತ್ರಿಕೆ ಹೊದಿಸಿ ಪೇಂಟ್ ಹೊಡೆಯುವುದು ಎಲ್ಲ ಕಡೆ ರೂಢಿ. ಹೊರಗೆ ಎಷ್ಟು ಮಿಂಚಿದರೂ ರಬ್ಬರಿನ ಅಡಿಯ ತಗಡಿಗೆ ಮಾತ್ರ ನಲವತ್ತು ವರ್ಷದ ಹಿಂದಿನ ಪೇಂಟೇ ಉಳಿದಿರುತ್ತದೆ, ಅಥವಾ ಅದೂ ಉಳಿದಿರುವುದಿಲ್ಲ. ಪೇಂಟಿಗೆ ಲಕ್ಷ ಖರ್ಚು ಮಾಡುವಾಗ ಒಂದು ಬೀಡಿಂಗ್ ಮತ್ತು ಅರ್ಧ ದಿನದ ಕೂಲಿಯನ್ನು ಉಳಿಸಬೇಡಿ. ಗಾಜು ಬಿಚ್ಚಲು ಒಪ್ಪದ ಪೇಂಟರಿಗೆ ಕಾರು ಕೊಡಬೇಡಿ ಎಂದೇ ನನ್ನ ಸಲಹೆ.

ಈ ಕೆಲಸಕ್ಕೆ ಮಾರ್ಚ್ ಮತ್ತು ಏಪ್ರಿಲ್ ಸರಿಯಾದ ಕಾಲ, ತಗಡು ಒಣಗಿರುತ್ತದೆ, ರಬ್ಬರು ಬಿಸಿಲಿಗೆ ಬಾಗುತ್ತದೆ. ನನ್ನ ಕಾರು ಹೊಸ ಬೀಡಿಂಗ್ ಹಾಕಿಸಿಕೊಂಡ ಮೇಲೆ ಎರಡು ಆರಿದ್ರಾ ಮಳೆ ಕಂಡಿದೆ, ಎರಡೂ ಸಲ ಘಾಟಿ ಇಳಿದು ಕೆಳಗೆ ನಿಲ್ಲಿಸಿ ಮ್ಯಾಟ್ ಎತ್ತಿ ಮುಟ್ಟಿ ನೋಡಿದ್ದೇನೆ, ಒಣಗಿತ್ತು. ತೀರ್ಥಹಳ್ಳಿ, ಶಿವಮೊಗ್ಗ, ಕೊಪ್ಪದ ಕಡೆ ಅಂಬಾಸಿಡರ್ ಇಟ್ಟುಕೊಂಡವರು ಮುಂದಿನ ಬೇಸಿಗೆಯಲ್ಲಿ ಗಾಜು ಬಿಚ್ಚಿಸುವುದಾದರೆ ತಿಳಿಸಿ. ಒಳಗೆ ಕೂತು ಹಗ್ಗ ಎಳೆಯಲು ಒಬ್ಬರು ಬೇಕಾಗುತ್ತದೆ, ನಾನು ಬರುತ್ತೇನೆ.