ಕರುಣೆಗೆ ಕನಿಷ್ಠ ಹಾಜರಾತಿ

2019ರಿಂದ ನಮ್ಮ ದೇಶದಲ್ಲಿ ಅನುಕಂಪಕ್ಕೂ ಹಾಜರಾತಿ ಪುಸ್ತಕ ಬಂದಿದೆ. ಆ ವರ್ಷದ ಹೊಸ ಎಂಬಿಬಿಎಸ್ ಪಠ್ಯಕ್ರಮ ಮನೋಭಾವ, ನೀತಿ, ಸಂವಹನ ಮೂರನ್ನೂ ಒಂದೇ ಗಂಟಿಗೆ ಕಟ್ಟಿ ‘ಏಟ್‌ಕಾಮ್’ ಎಂದು ಕರೆಯಿತು. ಅದರಲ್ಲಿ ಶೇ 75 ಹಾಜರಾತಿ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ ಎಂದೂ ವಿಧಿಸಿತು. ಉಳಿದ ಶೇ 25ರಷ್ಟು ಕಲ್ಲೆದೆಗೆ ಕಾನೂನಿನ ಅಭ್ಯಂತರವಿಲ್ಲ.

ತರಗತಿಯಲ್ಲಿ ಸಹಪಾಠಿಯೇ ರೋಗಿಯಾಗಿ ಕಣ್ಣೊರೆಸಿಕೊಳ್ಳುತ್ತಾನೆ, ಇನ್ನೊಬ್ಬ ಸಾಂತ್ವನ ಹೇಳುತ್ತಾನೆ, ಲಾಗ್‌ಬುಕ್ಕಿಗೆ ಸಹಿ ಬೀಳುತ್ತದೆ. ಅಲ್ಲಿಂದ ನೇರವಾಗಿ ವಾರ್ಡಿಗೆ. ಅಲ್ಲಿ ಹನ್ನೆರಡನೇ ಬೆಡ್ಡಿನ ಹೆಂಗಸಿಗೆ ಹೆಸರಿಲ್ಲ, ಆಕೆ ‘ಆ ಮೈಟ್ರಲ್ ಸ್ಟೆನೋಸಿಸ್’, ಅಂದರೆ ಹೃದಯದ ಕವಾಟ ಕಿರಿದಾದ ಕಾಯಿಲೆ. ಎದೆಯ ಅಸಹಜ ಸದ್ದು ಚೆನ್ನಾಗಿ ಕೇಳಿಸುವುದರಿಂದ ‘ಒಳ್ಳೆಯ ಕೇಸ್’. ಸ್ಟೆತಸ್ಕೋಪುಗಳು ಸಾಲಾಗಿ ಬಂದು ಹೋಗುತ್ತವೆ. ಅವಳ ಆಪರೇಷನ್ ಏನಾಯಿತೆಂದು ತಿಳಿಯುವ ಹೊತ್ತಿಗೆ ವಿದ್ಯಾರ್ಥಿಯ ಪೋಸ್ಟಿಂಗ್ ಮುಗಿದು ಆತ ಕಣ್ಣಿನ ವಿಭಾಗದಲ್ಲಿರುತ್ತಾನೆ. ಗುರುತು ಹತ್ತುವ ಮೊದಲೇ ವರ್ಗಾವಣೆ ಮಾಡುವ ಈ ಜಾಣತನವನ್ನು ನಮ್ಮವರು ಸರ್ಕಾರಿ ಕಚೇರಿಗಳಿಂದ ಕಲಿತಿರಬೇಕು.

ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನವರು ಅನುಕಂಪ ಅಳೆಯಲು 20 ಪ್ರಶ್ನೆಗಳ ಮಾಪಕವನ್ನೇ ಮಾಡಿದ್ದಾರೆ. 2009ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ವಿದ್ಯಾರ್ಥಿಗಳ ಅನುಕಂಪ ಕುಸಿದದ್ದು ಮೂರನೇ ವರ್ಷದಲ್ಲಿ. ಅಂದರೆ ರೋಗಿಗಳ ನಡುವೆ ಕಾಲಿಟ್ಟ ವರ್ಷದಲ್ಲೇ! ಹಾರ್ವರ್ಡ್‌ನ ಕೇಂಬ್ರಿಜ್ ಆಸ್ಪತ್ರೆಯಲ್ಲಿ 2004ರಿಂದಲೇ ವಿಭಾಗ ಬದಲಿಸುವ ಪದ್ಧತಿ ಬಿಟ್ಟು, ಅವೇ ರೋಗಿಗಳನ್ನು ವರ್ಷದುದ್ದಕ್ಕೂ ನೋಡಿಕೊಳ್ಳುವ ತರಬೇತಿ ನಡೆದಿದೆ. ನಮಗೆ ಅಷ್ಟು ತಾಪತ್ರಯ ಬೇಡ. ರೋಗಿಯ ಮುಖವನ್ನೇ ನೋಡದಿದ್ದರೆ ಅನುಕಂಪ ಕೆಡುವುದೆಲ್ಲಿಂದ? ಆದ್ದರಿಂದಲೇ ಇಂಟರ್ನ್‌ಗಳು ವಾರ್ಡಿನ ಮೂಲೆಯಲ್ಲಿ ಮೊಬೈಲ್ ಹಿಡಿದು ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್-ಪಿಜಿಯ ಪ್ರಶ್ನೆಗಳನ್ನು ಬಿಡಿಸುತ್ತಿರುತ್ತಾರೆ. ‘ಅಮ್ಮಾ, ಊಟವಾಯಿತೇ?’ ಎಂಬುದಕ್ಕೆ ಅಲ್ಲಿ ನಾಲ್ಕು ಆಯ್ಕೆಗಳಿಲ್ಲವಲ್ಲ.

ಅವರನ್ನು ಬೈದು ಫಲವಿಲ್ಲ. ಸೀಟು ಸಿಗುವುದು ಸರಿಯುತ್ತರದ ಗುಂಡಿ ಒತ್ತಿದರೇ ಹೊರತು ಹಣೆ ಮುಟ್ಟಿ ನೋಡಿದರೆ ಅಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ಮಾತ್ರ ವಾರ್ಡಿನಲ್ಲಿ ಕರುಣೆ ತುಂಬಿ ತುಳುಕುತ್ತದೆ. ಹೊಟ್ಟೆಯನ್ನು ಬೆಳಗಿನಿಂದ ಹತ್ತಾರು ಕೈಗಳು ಒತ್ತಿ ಹೋದ ಮೇಲೂ, ನಡುಗುತ್ತಾ ನಿಂತ ಹುಡುಗನನ್ನು ಕಂಡು ರೋಗಿಯಾಗಿ ಮಲಗಿದ ಅಜ್ಜನ ಕರುಳು ಚುರುಕ್ಕೆನ್ನುತ್ತದೆ. ಪರೀಕ್ಷಕರು ಅತ್ತ ತಿರುಗಿದ್ದೇ ತಡ, ಮೆಲ್ಲಗೆ ಹೇಳಿಕೊಡುತ್ತಾನೆ: ‘ಸ್ಪ್ಲೀನ್ ದೊಡ್ಡದಾಗಿದೆ ಎಂದು ಬರೆ ಮಗನೇ. ಲಿವರ್ ಎಂದು ಬರೆದ ಹುಡುಗಿಗೆ ಈಗಷ್ಟೇ ಬೈದು ಕಳಿಸಿದರು.’