ಗಂಡಾದರೆ ಒಂದು ರೇಟು, ಹೆಣ್ಣಾದರೆ ರಿಯಾಯಿತಿ

ಸರ್ಕಾರಿ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲೊಂದು ಬೋರ್ಡು: ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ.’ 1994ರ ಕಾಯ್ದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಬಾಯಿಬಿಟ್ಟ ಡಾಕ್ಟರಿಗೆ ಮೂರು ವರ್ಷದವರೆಗೂ ಜೈಲಾಗಬಹುದು. ‘ನನಗೂ ಅದನ್ನು ತಿಳಿಯುವ ಇಚ್ಛೆಯಿಲ್ಲ’ ಎಂದು ಬಸುರಿಯಿಂದಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಕಾಯ್ದೆ ಒಳ್ಳೆಯದೇ, ನಮ್ಮ ಸಮಾಜಕ್ಕೆ ಬೇಕಾದದ್ದೇ. ಸೋಜಿಗವೆಂದರೆ, ಸಂಸತ್ತಿನಿಂದ ಹಿಡಿದು ತಾಲ್ಲೂಕು ಆರೋಗ್ಯಾಧಿಕಾರಿಯವರೆಗೆ ಎಲ್ಲರೂ ಸೇರಿ ಒಂಬತ್ತು ತಿಂಗಳು ಜೋಪಾನ ಮಾಡಿದ ಆ ಗುಟ್ಟು ಕೊನೆಗೆ ಯಾರ ಕೈ ಸೇರುತ್ತದೆ ಎಂಬುದು.

ಹೆರಿಗೆ ವಾರ್ಡಿನ ಬಾಗಿಲು ಒಂದು ಗೇಣು ತೆರೆಯುತ್ತದೆ. ಆಯಮ್ಮನವರು ತಲೆ ಹೊರಗೆ ಹಾಕುತ್ತಾರೆ.

“ಮಂಜುಳಾ ಕಡೆಯೋರು ಯಾರ್ರೀ?”

ಗೋಡೆಗೊರಗಿದ್ದ ಐದಾರು ಮಂದಿ ದಡಬಡಿಸಿ ಏಳುತ್ತಾರೆ. “ಹೆರಿಗೆ ಆಯ್ತಾ ಅಕ್ಕಾ? ಏನ್ ಮಗು?”

“ಅದೇನು ಹಂಗೇ ಹೇಳ್ಬಿಡೋದಾ? ಖುಷಿಗೆ ಏನ್ ಕೊಡ್ತೀರಾ?”

ಗಂಡನಾದವನು ಜೇಬು ತಡಕಿ ಇನ್ನೂರರ ನೋಟು ಹಿಡಿಯುತ್ತಾನೆ. ಆಯಮ್ಮ ಅದರತ್ತ ನೋಡುತ್ತಾರೆಯೇ ಹೊರತು ಮುಟ್ಟುವುದಿಲ್ಲ.

“ಇನ್ನೂರಾ? ಹೆಣ್ಣಾಗಿದ್ದಿದ್ರೆ ಸುಮ್ನೆ ಇಸ್ಕೊಂಡು ಹೋಗ್ತಿದ್ದೆ ಕಣಣ್ಣ.”

ಅತ್ತೆ ಅಲ್ಲೇ ಎರಡೂ ಕೈ ಎತ್ತಿ ಮನೆದೇವರಿಗೆ ಮುಗಿಯುತ್ತಾರೆ. ಕಾಯ್ದೆ ಕಾಪಾಡಿದ ಗುಟ್ಟು ಹೀಗೆ ಚೌಕಾಸಿಯಲ್ಲಿ ಬಯಲಾಗುತ್ತದೆ. ಆಯಮ್ಮ ಗಂಡು ಎಂದೂ ಹೇಳಿಲ್ಲ, ಹೆಣ್ಣು ಎಂದೂ ಹೇಳಿಲ್ಲ. ಬರೀ ದರ ಹೇಳಿದ್ದಾರೆ.

ಇದನ್ನು ಲಂಚ ಎನ್ನುವುದು ಸಣ್ಣತನ. ಲಂಚ ಕೊಡುವುದು ಕೆಲಸ ಆಗಲಿ ಎಂದು. ಇಲ್ಲಿ ಕೆಲಸ ಆಗಿಹೋಗಿದೆ, ಅದೂ ಮಂಜುಳಾ ಒಬ್ಬಳೇ ರಾತ್ರಿಯಿಡೀ ಮಾಡಿದ ಕೆಲಸ. ಆದ್ದರಿಂದಲೇ ಇದಕ್ಕೆ ‘ಖುಷಿ’ ಎಂದು ಹೆಸರು. ಖುಷಿ ಪಡುವವರು ಒಬ್ಬರು, ಖುಷಿಯನ್ನು ಅಳೆಯುವವರು ಇನ್ನೊಬ್ಬರು. ಹೆಣ್ಣಾದರೆ ಅಳತೆ ತಾನೇ ಇಳಿಯುತ್ತದೆ, ಜೊತೆಗೆ ಸಾಂತ್ವನವೂ ಉಚಿತ: “ಹೋಗ್ಲಿ ಬಿಡಿ, ಲಕ್ಷ್ಮಿ ಬಂದವ್ಳೆ. ನಿಮಗೆ ತಿಳಿದಷ್ಟು ಕೊಡಿ.” ಬಡವರ ಮನೆಯ ಹೆಣ್ಣುಮಗುವಿಗೆಂದು ಸರ್ಕಾರ ಭಾಗ್ಯಲಕ್ಷ್ಮಿ ಬಾಂಡು ತಂದದ್ದು 2006ರ ಸುಮಾರಿಗೆ. ವಾರ್ಡಿನ ಬಾಗಿಲಲ್ಲಿ ಹೆಣ್ಣಿಗೆ ರಿಯಾಯಿತಿ ಅದಕ್ಕೂ ಮುಂಚಿನಿಂದಲೇ ಜಾರಿಯಲ್ಲಿತ್ತು. ಸಮಾನತೆಗಾಗಿ ಹೋರಾಡುವವರು ಒಮ್ಮೆ ಈ ಕಡೆಯೂ ಬಂದು ‘ಹೆಣ್ಣಿಗೂ ಗಂಡಿನಷ್ಟೇ ವಸೂಲಿ ಮಾಡಿ’ ಎಂದು ಧರಣಿ ಕೂರಬಹುದು.

ಅಂದಹಾಗೆ, ಇಲ್ಲಿ ಎಲ್ಲವೂ ಉಚಿತ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಶುರುವಾಗಿದ್ದು 2011ರ ಜೂನ್‌ನಲ್ಲಿ. ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ನಾರ್ಮಲ್ ಆದರೆ ಮೂರು ದಿನ, ಸಿಜೇರಿಯನ್ ಆದರೆ ಏಳು ದಿನ ಊಟ, ಮನೆಗೆ ವಾಪಸ್ ಬಿಡಲು ಗಾಡಿ, ಯಾವುದಕ್ಕೂ ಕಾಸಿಲ್ಲ. ಮಗುವಿನ ಮುಖವೊಂದು ಆ ಪಟ್ಟಿಯಲ್ಲಿ ಬಿಟ್ಟುಹೋಗಿದೆ. ಇದರ ಮೇಲೆ ಜನನಿ ಸುರಕ್ಷಾ ಯೋಜನೆಯಲ್ಲಿ ಬಡ ಬಾಣಂತಿಗೆ ದುಡ್ಡೂ ಬರುತ್ತದೆ: ನಮ್ಮ ರಾಜ್ಯದಲ್ಲಿ ಹಳ್ಳಿಯವಳಿಗೆ 700, ಪಟ್ಟಣದವಳಿಗೆ 600. ಅದಕ್ಕೆ ಆಧಾರ್ ಬೇಕು, ಪಾಸ್‌ಬುಕ್ ಬೇಕು, ತಾಯಿ ಕಾರ್ಡ್ ಬೇಕು, ಬಿಪಿಎಲ್ ಕಾರ್ಡ್ ಬೇಕು, ಎಲ್ಲದರ ಜೆರಾಕ್ಸ್ ಬೇಕು, ಎಲ್ಲದರಲ್ಲೂ ಹೆಸರಿನ ಇನಿಷಿಯಲ್ ಒಂದೇ ಇರಬೇಕು. ಆಯಮ್ಮ ಒಂದೇ ಒಂದು ದಾಖಲೆ ಕೇಳುವುದಿಲ್ಲ. ಹಳ್ಳಿ ಪಟ್ಟಣ ಎಂಬ ಭೇದವೂ ಅವರಲ್ಲಿಲ್ಲ. ಸರ್ಕಾರದ್ದು ಯಾವಾಗಲೋ ಬ್ಯಾಂಕಿಗೆ ಬೀಳುತ್ತದೆ, ಇವರದು ನಿಂತ ನಿಲುವಿನಲ್ಲಿ ಚುಕ್ತಾ.

ಈ ವ್ಯಾಪಾರ ನಡೆಯುವುದೇ ಒಳಗೆ ಏನಾಯಿತೆಂದು ಹೊರಗಿನವರಿಗೆ ಗೊತ್ತಾಗದ್ದರಿಂದ. ಇದನ್ನು ಮುರಿಯುವ ಉಪಾಯ ದೆಹಲಿಗೆ ಗೊತ್ತಿಲ್ಲದೆ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿನಲ್ಲಿ ಗರ್ಭಿಣಿಯ ಜೊತೆ ಒಬ್ಬ ಹೆಣ್ಣುಮಗಳು ಇರಬಹುದು, ಆಕೆ ಸ್ವತಃ ಹೆತ್ತವಳಾಗಿರಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಅಂದರೆ ಮಂಜುಳಾಳ ಅವ್ವ ಒಳಗೆ ನಿಂತು ಮಗಳ ಬೆನ್ನು ಸವರುತ್ತಾ, ಮೊಮ್ಮಗುವನ್ನು ಡಾಕ್ಟರ ಜೊತೆಯಲ್ಲೇ ನೋಡಬಹುದಿತ್ತು. ಆದರೆ ಮಾತೆತ್ತಿದರೆ “ಒಳಗೆ ಜಾಗ ಇಲ್ಲಮ್ಮ, ಇನ್ಫೆಕ್ಷನ್ ಆಗ್ತದೆ, ಆಚೆ ಕೂತ್ಕೊಳ್ಳಿ.” ಇನ್ಫೆಕ್ಷನ್ ಬಗ್ಗೆ ಇಷ್ಟು ಕಾಳಜಿ ಇರುವ ವಾರ್ಡಿನಲ್ಲಿ ಬೆಡ್‌ಶೀಟ್ ಮಾತ್ರ ಮನೆಯಿಂದ ತರಬೇಕು.

ಟ್ರಾಲಿ ತಳ್ಳುವವನಿಗೆ, ಹೊಲಿಗೆ ಬಿಚ್ಚುವ ದಿನ ಡ್ರೆಸ್ಸಿಂಗಿನವನಿಗೆ, ಡಿಸ್ಚಾರ್ಜ್ ದಿನ ಗೇಟಿನವನಿಗೆ ಕೊಡುವುದೆಲ್ಲ ಚಿಲ್ಲರೆ. ಅದನ್ನು ಬಿಡಿ.

ದೂರು ಕೊಡಬಾರದೇ? ಕೊಡಬಹುದು. ‘ಲಂಚ ಕೇಳಿದರೆ ಲೋಕಾಯುಕ್ತಕ್ಕೆ ತಿಳಿಸಿ’ ಎಂಬ ಬೋರ್ಡು, ಫೋನ್ ನಂಬರಿನ ಸಮೇತ, ಅದೇ ಬಾಗಿಲ ಪಕ್ಕದಲ್ಲೇ ಇರುತ್ತದೆ. ಎಷ್ಟೋ ಗಂಡಂದಿರು ಅದರ ಕೆಳಗೆ ನಿಂತೇ ನೋಟು ಎಣಿಸುತ್ತಾರೆ. ನಂಬರ್ ಒತ್ತೋಣ ಎನ್ನುವಷ್ಟರಲ್ಲಿ ಹೆಂಡತಿ, ಮಗು ಇಬ್ಬರೂ ಒಳಗಿರುವುದು ನೆನಪಾಗುತ್ತದೆ. ಫೋನು ಜೇಬಿಗೆ ಹೋಗಿ ಪರ್ಸು ಹೊರಗೆ ಬರುತ್ತದೆ.

ಇಷ್ಟಕ್ಕೂ ಆಯಮ್ಮನನ್ನೇ ಬೈಯುವುದು ಸುಲಭ. ಅವರಲ್ಲಿ ಬಹಳ ಜನ ಹೊರಗುತ್ತಿಗೆಯವರು. ಸಂಬಳ ತಿಂಗಳುಗಟ್ಟಲೆ ಬಾಕಿಯೆಂದು ಆಸ್ಪತ್ರೆ ಎದುರೇ ಕೂರುವುದು ಪೇಪರಿನಲ್ಲಿ ಆಗಾಗ ಬರುತ್ತದೆ. ರಕ್ತ ಒರೆಸುವವರು, ಬಟ್ಟೆ ಹಿಂಡುವವರು, ನಡುರಾತ್ರಿ ಕೂಗಿದಾಗ ಬೆಡ್‌ಪ್ಯಾನ್ ಹಿಡಿದು ಬರುವವರು ಅವರೇ. ಇಲಾಖೆ ಕಂಟ್ರಾಕ್ಟರಿಗೆ ಕೊಡುತ್ತದೆ, ಕಂಟ್ರಾಕ್ಟರು ಆಯಮ್ಮನಿಗೆ ‘ಮುಂದಿನ ವಾರ’ ಎನ್ನುತ್ತಾನೆ, ಆಯಮ್ಮ ಮಂಜುಳಾಳ ಗಂಡನಿಗೆ ‘ಈಗಲೇ’ ಎನ್ನುತ್ತಾರೆ. ಖಜಾನೆಗೆ ಹೊರೆಯಾಗದೆ ಸಿಬ್ಬಂದಿ ಸಾಕುವ ಇಂಥ ವಿದ್ಯೆಯನ್ನು ಬೇರೆ ಇಲಾಖೆಗಳು ಬಂದು ಕಲಿಯಬೇಕು.

ಹಾಗಾಗಿ ಮುಚ್ಚುಮರೆ ಯಾಕೆ, ದರಪಟ್ಟಿ ಅಧಿಕೃತವಾಗಲಿ ಎಂಬುದು ನನ್ನ ವಿನಂತಿ. ರಸೀದಿ ಕೊಡಲಿ, ಬಾಗಿಲಿಗೊಂದು ಕ್ಯೂಆರ್ ಕೋಡ್ ಅಂಟಿಸಲಿ. ತೊಡಕಿರುವುದು ಅವಳಿ ಮಕ್ಕಳ ಬಾಬತ್ತಿನಲ್ಲಿ. ಒಂದು ಗಂಡು ಒಂದು ಹೆಣ್ಣು ಆದ ಕಡೆ ಅಜ್ಜನೊಬ್ಬ ಧೈರ್ಯ ಮಾಡಿ, “ಎರಡೂ ಸೇರಿಸಿ ಒಂದು ರೇಟು ಹೇಳವ್ವ” ಅಂದನಂತೆ.

“ಸೇರಿಸೋದು ಗೀರಿಸೋದು ಇಲ್ಲ ತಾತ. ಒಂದೊಂದೇ ತರ್ತೀನಿ, ಒಂದೊಂದೇ ಬಿಡಿಸ್ಕೊಳ್ಳಿ.”